ತಿಂಗಳಿಗೆ ಹತ್ತು ದಿನ ಆಫೀಸು: ಮೈಸೂರಿನಿಂದ ನೋಡಿದರೆ ಲೆಕ್ಕವೇ ಬೇರೆ

ತಿಂಗಳಿಗೆ 10 ದಿನ ಆಫೀಸಿಗೆ ಬಂದರೆ ಸಾಕು ಎಂದು ಬೆಂಗಳೂರಿನ ಐಟಿ ಕಂಪನಿ ಹೇಳಿದರೆ, ಅಲ್ಲಿನ ಬೆಳ್ಳಂದೂರಿನಲ್ಲಿ ಮನೆ ಇರುವವರಿಗೆ ಅದು ಸಡಿಲವಾದ ನಿಯಮ. ಅದೇ ಇಮೇಲನ್ನು ಮೈಸೂರಿನ ಬೋಗಾದಿಯಲ್ಲೋ ಮಂಡ್ಯದ ಪಕ್ಕದ ಹಳ್ಳಿಯಲ್ಲೋ ಕೂತು ಓದುವವರಿಗೆ ತಲೆಬಿಸಿ ಶುರು. ದಿನಾ ಹೋಗಿ ಬರೋದಾ? ಅಲ್ಲೇ ಪಿಜಿ ಹಿಡಿಯೋದಾ? ಹಿಡಿದರೆ ಇರದ 20 ದಿನಕ್ಕೂ ದುಡ್ಡು ಕಟ್ಟಬೇಕಲ್ವಾ? ಮಗುವಿನ ಶಾಲೆ ಇಲ್ಲಿದೆ, ಅಪ್ಪನನ್ನು ತೋರಿಸುವ ಡಾಕ್ಟರ್ ಇಲ್ಲಿದ್ದಾರೆ, ಇಎಂಐ ಕಟ್ಟುತ್ತಿರುವ ಮನೆ ಇಲ್ಲಿದೆ.

ಮನೆಯಿಂದ ಕೆಲಸ ಮಾಡೋದು ನಿಮಗೆ ತೃಪ್ತಿ ಕೊಟ್ಟಿದೆಯಾ ಎಂದು ಕೇಳುವ ಸಮೀಕ್ಷೆಗಳು ಬೇಕಾದಷ್ಟು ಬಂದಿವೆ. ಬಹಳ ಜನ ಹೌದು ಅನ್ನುತ್ತಾರೆ. ಅದರಿಂದ ತಿಳಿಯೋದು ಕಡಿಮೆ. ಮೈಸೂರು, ಮಂಡ್ಯದವರನ್ನು ಕೇಳಬೇಕಾದ್ದು ಬೇರೆ. ಈ ಏರ್ಪಾಡನ್ನು ನಂಬಿ ನೀವು ಎಷ್ಟು ವರ್ಷದ ಬದುಕನ್ನು ಹೊಂದಿಸಿಕೊಂಡಿರಿ? ಕಂಪನಿ ಅದನ್ನು ಎಷ್ಟು ತಿಂಗಳಿಗೆ ಕೊಟ್ಟಿತ್ತು? ಈಗ ಕಾಣುತ್ತಿರುವ ಅಸಮಾಧಾನದ ಬಹುಪಾಲು ಈ ಎರಡು ಲೆಕ್ಕಗಳು ತಾಳೆಯಾಗದೆ ಹುಟ್ಟಿದ್ದು ಅನ್ನೋದು ನನ್ನ ಅಭಿಪ್ರಾಯ. ಮನೆ ಮೇಲೋ ಆಫೀಸು ಮೇಲೋ ಅನ್ನೋ ಜಗಳ ಆಮೇಲಿನದು.

ಕೊಟ್ಟ ಬಗೆ, ವಾಪಸ್ ಪಡೆದ ಬಗೆ

2020ರ ಮಾರ್ಚ್ 25ರಂದು ಇಡೀ ದೇಶ ಲಾಕ್‌ಡೌನ್ ಆಯಿತು. ಬೆಂಗಳೂರಿನ ಪಿಜಿಗಳಿಂದ ಹುಡುಗರು, ಹುಡುಗಿಯರು ಲ್ಯಾಪ್‌ಟಾಪ್ ಹಿಡಿದು ಊರು ಸೇರಿದರು. ಅದಕ್ಕೆ ಮುಂಚೆ ನಮ್ಮಲ್ಲಿ ಮನೆಯಿಂದ ಕೆಲಸ ಮಾಡಿಸೋದು ನಿಯಮದ ಮಟ್ಟದಲ್ಲೂ ಸಲೀಸಾಗಿರಲಿಲ್ಲ. ಕಾಲ್ ಸೆಂಟರ್, ಬಿಪಿಒ ಕಂಪನಿಗಳು ದೂರಸಂಪರ್ಕ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕಿತ್ತು. ನೌಕರರು ಮನೆಯಿಂದ ಕೆಲಸ ಮಾಡಬೇಕೆಂದರೆ ಬ್ಯಾಂಕ್ ಗ್ಯಾರಂಟಿ ಇಡಬೇಕಿತ್ತು. 2020ರ ನವೆಂಬರ್‌ನಲ್ಲಿ ಇಲಾಖೆ ಇವೆರಡನ್ನೂ ತೆಗೆದುಹಾಕಿತು. ವಿಶೇಷ ಆರ್ಥಿಕ ವಲಯಗಳಲ್ಲಿರುವ ಕಂಪನಿಗಳಿಗೆ 2022ರ ಜುಲೈನಲ್ಲಿ 43ಎ ಎಂಬ ಹೊಸ ನಿಯಮ ಬಂತು. ಅರ್ಧದಷ್ಟು ನೌಕರರಿಗೆ, ಒಂದು ವರ್ಷದ ಮಟ್ಟಿಗೆ ಮನೆಯಿಂದ ಕೆಲಸಕ್ಕೆ ಒಪ್ಪಿಗೆ. ಅದೇ ಡಿಸೆಂಬರ್‌ನಲ್ಲಿ ಎಲ್ಲ ನೌಕರರಿಗೂ ಅನ್ನುವಷ್ಟು ಸಡಿಲ ಮಾಡಿ 2023ರ ಕೊನೆವರೆಗೆ ಬೆಳೆಸಿದರು. ಮತ್ತೆ 2024ರ ಕೊನೆವರೆಗೆ.

ಇಲ್ಲೇ ಒಂದು ಸೂಚನೆ ಇತ್ತು, ಬಹಳ ಜನ ಗಮನಿಸಲಿಲ್ಲ. ಈ ಮೂರೂ ಸಲ ಸರ್ಕಾರ ಒಂದೊಂದೇ ವರ್ಷ ಕೊಟ್ಟಿತ್ತು.

ಕಂಪನಿಗಳು ಮಾತ್ರ ದೂರದ ಮಾತಾಡಿದವು. ಟಿಸಿಎಸ್ 2020ರಲ್ಲೇ ಒಂದು ಯೋಜನೆ ಹೇಳಿತು. 2025ರ ಹೊತ್ತಿಗೆ ಯಾವುದೇ ಸಮಯದಲ್ಲಿ ಶೇ 25ಕ್ಕಿಂತ ಜಾಸ್ತಿ ನೌಕರರು ಆಫೀಸಿನಲ್ಲಿ ಇರಬೇಕಾಗಿಲ್ಲ, ಒಬ್ಬೊಬ್ಬರೂ ತಮ್ಮ ಸಮಯದ ಶೇ 25ಕ್ಕಿಂತ ಜಾಸ್ತಿ ಅಲ್ಲಿ ಕಳೆಯಬೇಕಾಗಿಲ್ಲ ಎಂದಿತ್ತು. ಐದು ವರ್ಷ ಮುಂದಿನ ಮಾತು ಅದು. ಕೇಳಿದವರು ಅದನ್ನು ನಂಬಿ ಹೆಜ್ಜೆ ಇಟ್ಟರೆ ತಪ್ಪೇನು?

2023ರ ಅಕ್ಟೋಬರ್‌ನಲ್ಲಿ ಅದೇ ಟಿಸಿಎಸ್ ವಾರಕ್ಕೆ ಐದು ದಿನ ಆಫೀಸಿಗೆ ಬನ್ನಿ ಎಂದಿತು. ಮುಂದಿನ ವರ್ಷ ವೇರಿಯಬಲ್ ಪೇಯನ್ನು (ಸಂಬಳದಲ್ಲಿ ಏರಿಳಿಯುವ ಭಾಗ) ಹಾಜರಿಗೆ ಗಂಟು ಹಾಕಿತು. ವಿಪ್ರೋ 2023ರ ನವೆಂಬರ್‌ನಿಂದ ವಾರಕ್ಕೆ ಮೂರು ದಿನ ಕಡ್ಡಾಯ ಮಾಡಿತು. ಇನ್ಫೋಸಿಸ್ ಅದೇ ತಿಂಗಳು ಕೆಳ ಮತ್ತು ಮಧ್ಯಮ ಹಂತದವರಿಗೆ ತಿಂಗಳಿಗೆ 10 ದಿನದ ನಿಯಮ ತಂದಿತು. 2025ರ ಮಾರ್ಚ್‌ನಲ್ಲಿ ಅದನ್ನು ಹಾಜರಿಯ ಸಾಫ್ಟ್‌ವೇರಿಗೇ ಸೇರಿಸಿತು. ಅಮೆಜಾನ್ 2025ರ ಜನವರಿಯಿಂದ ಐದೂ ದಿನ ಎಂದಿತು. ಇದರಲ್ಲಿ ಕರಾರು ಮುರಿದರು ಅನ್ನುವಂತಿಲ್ಲ. ಶಾಶ್ವತವಾಗಿ ಮನೆಯಿಂದ ಎಂಬ ಸಾಲು ಹೆಚ್ಚಿನವರ ನೇಮಕಾತಿ ಪತ್ರದಲ್ಲಿ ಇರಲೇ ಇಲ್ಲ.

ಆದರೆ ಈ ಮೂರು-ನಾಲ್ಕು ವರ್ಷ ಜನ ಸುಮ್ನೆ ಕೂತಿರಲಿಲ್ಲ. ಮೈಸೂರಿನಲ್ಲಿ ಸೈಟ್ ತಗೊಂಡರು. ಅಪ್ಪ ಕಟ್ಟಿಸಿದ ಮನೆಯ ಮೇಲೆ ಒಂದು ರೂಮ್ ಎತ್ತಿಸಿ ಎಸಿ, ಯುಪಿಎಸ್, ಎರಡೆರಡು ಇಂಟರ್‌ನೆಟ್ ಕನೆಕ್ಷನ್ ಹಾಕಿಸಿದರು. ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ಅಡ್ವಾನ್ಸ್ ವಾಪಸ್ ಪಡೆದು ಅದನ್ನೇ ಇಲ್ಲಿ ಡೌನ್ ಪೇಮೆಂಟ್‌ಗೆ ಹಾಕಿದರು. ಗೃಹಸಾಲ ಅಂದರೆ 15-20 ವರ್ಷದ ಮಾತು. ಒಳ್ಳೆಯ ಶಾಲೆಯಲ್ಲಿ ಸೀಟು ಸಿಕ್ಕರೆ ಹತ್ತನೇ ತರಗತಿವರೆಗೆ ಮಗುವನ್ನು ಅಲ್ಲಿಂದ ಬಿಡಿಸಲು ಮನಸ್ಸು ಬರುವುದಿಲ್ಲ. ಕಂಪನಿ ತನ್ನ ಹಾಜರಿ ನಿಯಮವನ್ನು ಮೂರು ತಿಂಗಳಿಗೊಮ್ಮೆ ಬದಲಿಸಬಹುದು. ಮನೆಯನ್ನು ಹಾಗೆ ಬದಲಿಸಲು ಆಗುತ್ತಾ?

ದೂರ ಎಷ್ಟು, ನಿಜವಾಗಿ?

ಎಕ್ಸ್‌ಪ್ರೆಸ್‌ವೇ ಬಂದಿದೆಯಲ್ಲ, ಇನ್ನೇನು ಕಷ್ಟ ಎಂದು ಬೆಂಗಳೂರಿನ ಮ್ಯಾನೇಜರ್‌ಗಳು ಕೇಳುವುದುಂಟು. 118 ಕಿಲೋಮೀಟರಿನ ಈ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯ ಗೆಜ್ಜಲಗೆರೆಯಲ್ಲಿ ಪ್ರಧಾನಿ ಉದ್ಘಾಟಿಸಿದರು. ಮೂರು ಗಂಟೆಯ ದಾರಿ ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ ಎಂದರು. ಮುಗಿಯುತ್ತದೆ, ಕೆಂಗೇರಿವರೆಗೆ. ಆಮೇಲೆ ವೈಟ್‌ಫೀಲ್ಡ್ ಕಡೆಗೋ ಮಾನ್ಯತಾ ಟೆಕ್ ಪಾರ್ಕ್ ಕಡೆಗೋ ಊರೊಳಗಿನ ದಾರಿ ಬಾಕಿ ಇರುತ್ತದೆ. ಬೆಳಗಿನ ಹೊತ್ತು ಅದಕ್ಕೇ ಇನ್ನೊಂದೂವರೆ ಗಂಟೆ ಹೋದರೆ ಆಶ್ಚರ್ಯವಿಲ್ಲ. ಟೋಲ್ ಬೇರೆ. ಬೈಕಿನಲ್ಲಿ ಹೋಗೋಣ ಅಂದರೆ 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ.

ರೈಲೇ ವಾಸಿ. ಮಾಸಿಕ ಪಾಸ್ 150 ಕಿಲೋಮೀಟರ್ ಒಳಗಿನ ದೂರಕ್ಕೆ ಸಿಗುತ್ತದೆ, ಮೈಸೂರು-ಬೆಂಗಳೂರು ಅದರೊಳಗೇ ಬರುತ್ತದೆ. ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಮಂಡ್ಯ, ಮದ್ದೂರಿನಿಂದ ಹತ್ತುವವರು ಕೊರೊನಾಕ್ಕೆ ಎಷ್ಟೋ ಮುಂಚಿನಿಂದ ಹೀಗೇ ಬದುಕಿದವರು. ಮೆಜೆಸ್ಟಿಕ್‌ನಲ್ಲಿ ಇಳಿದರೆ ನೇರಳೆ ಮಾರ್ಗದ ಮೆಟ್ರೋ. 2023ರ ಅಕ್ಟೋಬರ್‌ನಿಂದ ಅದು ವೈಟ್‌ಫೀಲ್ಡ್‌ವರೆಗೂ ಪೂರ್ತಿ ಓಡುತ್ತಿದೆ. ಹಾಗಿದ್ದರೂ ಮೈಸೂರಿನ ಮನೆ ಬಾಗಿಲಿಂದ ಆಫೀಸಿನ ಬಾಗಿಲಿಗೆ ಹೋಗಿ ವಾಪಸ್ ಬರುವ ಹೊತ್ತಿಗೆ ದಿನದ ಏಳೆಂಟು ಗಂಟೆ ದಾರಿಗೇ ಹೋಗುತ್ತದೆ. ತಿಂಗಳಿಗೆ ಮೂರು-ನಾಲ್ಕು ಸಲ ಆದರೆ ತಡೆದುಕೊಳ್ಳಬಹುದು. ಹತ್ತು ಸಲ ಅಂದರೆ ಮೈ ಕೇಳುವುದಿಲ್ಲ.

ಸಮಯದ ಬೆಲೆಯ ಬಗ್ಗೆ ಒಂದು ಒಳ್ಳೆಯ ಲೆಕ್ಕ ಇದೆ. ಅರ್ಥಶಾಸ್ತ್ರಜ್ಞರ ಒಂದು ತಂಡ 27 ದೇಶಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಮನೆಯಿಂದ ಕೆಲಸ ಮಾಡಿದ ದಿನ ಸರಾಸರಿ 72 ನಿಮಿಷದ ಓಡಾಟ ಉಳಿಯುತ್ತದೆ. ಭಾರತದಲ್ಲಿ ಇದು 99 ನಿಮಿಷ. ಉಳಿದ ಸಮಯದಲ್ಲಿ ಶೇ 40ರಷ್ಟನ್ನು ಜನ ಮತ್ತೆ ಕೆಲಸಕ್ಕೇ ಹಾಕುತ್ತಾರೆ ಅನ್ನೋದು ಕಂಪನಿಗಳು ಓದಬೇಕಾದ ಸಾಲು. ವಾರಕ್ಕೆ ಎರಡು-ಮೂರು ದಿನ ಮನೆಯಿಂದ ಕೆಲಸ ಮಾಡುವ ಅವಕಾಶಕ್ಕೆ ನೌಕರರು ಕೊಡುವ ಬೆಲೆ ಸರಾಸರಿ ಸಂಬಳದ ಶೇ 5ರಷ್ಟು ಎಂದೂ ಅದರಿಂದ ಗೊತ್ತಾಯಿತು. ಇದು ಒಂದೇ ಊರಿನಲ್ಲಿ ಮನೆ, ಆಫೀಸು ಎರಡೂ ಇರುವವರನ್ನೂ ಸೇರಿಸಿದ ಸರಾಸರಿ. ಮಂಡ್ಯದಲ್ಲಿ ಅಪ್ಪ-ಅಮ್ಮನ ಜೊತೆ ಇದ್ದು ಬಾಡಿಗೆ ಉಳಿಸುತ್ತಿರುವವರು ಶೇ 5ಕ್ಕೆ ಒಪ್ಪುತ್ತಾರೆ ಅಂತ ನನಗೆ ಅನಿಸುವುದಿಲ್ಲ. ಅವರ ಪಾಲಿಗೆ ಅದು ಅದಕ್ಕಿಂತ ತುಂಬಾ ದೊಡ್ಡ ಮೊತ್ತ.

ಸಿಕ್ಕಾಗಿನ ಖುಷಿ, ಹೋದಾಗಿನ ಕೋಪ

1959ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಒಂದು ವಿಷಯ ಮುಂದಿಟ್ಟ. ಕೆಲಸದಲ್ಲಿ ತೃಪ್ತಿ ಕೊಡುವ ಸಂಗತಿಗಳು ಬೇರೆ, ಅತೃಪ್ತಿ ಕೊಡುವ ಸಂಗತಿಗಳು ಬೇರೆ. ಸಂಬಳ, ಕಂಪನಿಯ ನಿಯಮ, ಕೆಲಸ ಮಾಡುವ ಜಾಗ ಇವೆಲ್ಲ ಎರಡನೇ ಗುಂಪಿಗೆ ಸೇರಿದವು. ಇವು ಸರಿಯಾಗಿದ್ದರೆ ಯಾರೂ ಕುಣಿದಾಡುವುದಿಲ್ಲ, ಕೆಟ್ಟರೆ ಮಾತ್ರ ಮನಸ್ಸು ಕೆಡುತ್ತದೆ. ಮಾಡುವ ಕೆಲಸದಲ್ಲಿ ಸಿಗುವ ಮೆಚ್ಚುಗೆ, ಜವಾಬ್ದಾರಿ, ಬೆಳವಣಿಗೆ ಇವು ಮೊದಲನೇ ಗುಂಪಿನವು. ಈ ಸಿದ್ಧಾಂತವನ್ನು ಎಲ್ಲರೂ ಒಪ್ಪಿಲ್ಲ. ಆದರೂ ನಮ್ಮ ಊರಿನಲ್ಲಿ ನಡೆದದ್ದಕ್ಕೆ ಇದು ಚೆನ್ನಾಗಿ ಹೊಂದುತ್ತದೆ.

2020ರಲ್ಲಿ ಮನೆಯಿಂದ ಕೆಲಸ ಅನ್ನೋದು ವರ. ಊಟ ಮನೆಯದು, ಸಂಜೆ ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್, ಸಂಬಳ ಬೆಂಗಳೂರಿನದು. 2023ರ ಹೊತ್ತಿಗೆ ಅದು ಪಿಎಫ್ ಥರ ಆಗಿಹೋಯಿತು. ಇದೆ ಎಂದು ಯಾರೂ ಸಂಭ್ರಮಿಸುವುದಿಲ್ಲ, ತೆಗೆದರೆ ಮಾತ್ರ ರೊಚ್ಚಿಗೇಳುತ್ತಾರೆ. ಎಚ್‌ಆರ್ ಇನ್ನೂ ಅದನ್ನು ತಾನು ದೊಡ್ಡ ಮನಸ್ಸಿನಿಂದ ಕೊಟ್ಟ ಸವಲತ್ತು ಎಂದೇ ನೋಡುತ್ತಿದೆ. ನೌಕರರು ಅದನ್ನು ಸಂಬಳದ ಒಂದು ಭಾಗ ಎಂದು ನೋಡುತ್ತಿದ್ದಾರೆ. ಹಾಗಾಗಿ ಆಫೀಸಿಗೆ ವಾಪಸ್ ಬರುವವರಿಗೆ ಪಿಜ್ಜಾ ಪಾರ್ಟಿ ಕೊಟ್ಟರೂ ಯಾರ ಮುಖವೂ ಅರಳುವುದಿಲ್ಲ.

ಕಂಪನಿಗಳ ಅಂಜಿಕೆ ಪೊಳ್ಳೇನಲ್ಲ

ನಮ್ಮ ಕಡೆಯ ಮಾತಷ್ಟೇ ಆಡಿದರೆ ಪಕ್ಷಪಾತ ಆಗುತ್ತದೆ. ಈ ವಿಷಯದಲ್ಲಿ ಅಚ್ಚುಕಟ್ಟಾದ ಪ್ರಯೋಗಗಳು ನಡೆದಿವೆ. ಅವುಗಳ ಫಲಿತಾಂಶ ಒಂದೇ ದಿಕ್ಕಿಗೆ ಇಲ್ಲ.

ಬಹಳ ಪ್ರಸಿದ್ಧವಾದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕೊಲಸ್ ಬ್ಲೂಮ್ ಮತ್ತು ಜೊತೆಗಾರರು ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಕಾಲ್ ಸೆಂಟರ್‌ನಲ್ಲಿ ಮಾಡಿದ್ದು. 2010ರ ಕೊನೆಗೆ ಶುರುವಾಗಿ ಒಂಬತ್ತು ತಿಂಗಳು ನಡೆಯಿತು. ಮನೆಯಿಂದ ಕೆಲಸ ಮಾಡಿದವರ ಕೆಲಸ ಶೇ 13ರಷ್ಟು ಜಾಸ್ತಿಯಾಯಿತು, ಕೆಲಸ ಬಿಡುವವರು ಅರ್ಧಕ್ಕೆ ಇಳಿದರು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅದರ ಮುಂದಿನ ಭಾಗ ಇನ್ನೂ ಸ್ವಾರಸ್ಯವಾಗಿದೆ. ಪ್ರಯೋಗ ಮುಗಿದ ಮೇಲೆ, ಈಗ ನಿಮಗೆ ಬೇಕಾದ್ದನ್ನು ಮತ್ತೆ ಆರಿಸಿಕೊಳ್ಳಿ ಎಂದಾಗ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಆಯ್ಕೆ ಬದಲಿಸಿದರು. ಮನೆಯೇ ಬೇಕು ಎಂದಿದ್ದ ಎಷ್ಟೋ ಜನರಿಗೆ ಒಂಟಿತನ ಕಾಡಿತ್ತು, ಆಫೀಸಿಗೆ ವಾಪಸ್ ಬಂದರು. ಹೀಗೆ ಅವರವರಿಗೆ ಒಗ್ಗಿದ್ದನ್ನು ಅವರವರು ಹಿಡಿದ ಮೇಲೆ ಕೆಲಸದಲ್ಲಿನ ಹೆಚ್ಚಳ ಶೇ 22ಕ್ಕೆ ಏರಿತು. ಅಂದರೆ ತನಗೆ ಯಾವುದು ಹಿಡಿಸುತ್ತದೆ ಅನ್ನೋದು ಒಂದಷ್ಟು ದಿನ ಮಾಡಿ ನೋಡುವವರೆಗೆ ಮನುಷ್ಯನಿಗೇ ಗೊತ್ತಿರುವುದಿಲ್ಲ. ಮನೆಯಲ್ಲಿದ್ದವರು ಚೆನ್ನಾಗಿ ಕೆಲಸ ಮಾಡಿದರೂ ಅದಕ್ಕೆ ತಕ್ಕಷ್ಟು ಬಡ್ತಿ ಸಿಗಲಿಲ್ಲ ಅನ್ನೋದನ್ನೂ ಅದೇ ಅಧ್ಯಯನ ತೋರಿಸಿತು. ಕಣ್ಣಿಗೆ ಬೀಳದವರು ಅಪ್ರೈಸಲ್ ಹೊತ್ತಿಗೆ ನೆನಪಿಗೂ ಬರುವುದಿಲ್ಲ.

ನಮಗೆ ಹತ್ತಿರದ್ದು ಚೆನ್ನೈನ ಪ್ರಯೋಗ. ಡೇವಿಡ್ ಆಟ್ಕಿನ್, ಆಂಟೊನೆಟ್ ಶೋರ್ ಮತ್ತು ಸುಮಿತ್ ಶಿಂಧೆ ಡೇಟಾ ಎಂಟ್ರಿ ಕೆಲಸಕ್ಕೆ ಸೇರಿದವರಲ್ಲಿ ಕೆಲವರನ್ನು ಚೀಟಿ ಎತ್ತಿದ ಹಾಗೆ ಮನೆಗೂ ಉಳಿದವರನ್ನು ಆಫೀಸಿಗೂ ಹಂಚಿದರು. 2023ರಲ್ಲಿ ಫಲಿತಾಂಶ ಹೊರಬಂತು. ಮನೆಯಿಂದ ಮಾಡಿದವರ ಕೆಲಸ ಶೇ 18ರಷ್ಟು ಕಡಿಮೆ. ಈ ಕೊರತೆಯ ಮೂರನೇ ಎರಡು ಪಾಲು ಮೊದಲ ದಿನವೇ ಕಾಣಿಸಿತು. ಉಳಿದದ್ದು ಆಫೀಸಿನಲ್ಲಿದ್ದವರು ಬೇಗ ಕಲಿತದ್ದರಿಂದ ಬಂತು. ಅದಕ್ಕಿಂತ ಕಸಿವಿಸಿ ಹುಟ್ಟಿಸುವ ಅಂಶ ಇನ್ನೊಂದಿದೆ. ಮನೆಯೇ ಬೇಕು ಎಂದು ಮೊದಲೇ ಹೇಳಿದ್ದವರಲ್ಲಿ ಈ ಕೊರತೆ ಶೇ 27, ಆಫೀಸು ಬೇಕು ಎಂದವರಲ್ಲಿ ಶೇ 13. ಮನೆ ಬೇಕೆಂದು ಕೇಳಿದವರು ಸೋಮಾರಿಗಳು ಅಂತ ಇದನ್ನು ಓದಿದರೆ ತಪ್ಪಾಗುತ್ತದೆ. ಚಿಕ್ಕ ಮಕ್ಕಳಿರುವವರು, ಮನೆಯಲ್ಲಿ ಯಾರನ್ನಾದರೂ ನೋಡಿಕೊಳ್ಳಬೇಕಾದವರು, ಬಡ ಕುಟುಂಬದವರಲ್ಲಿ ಇದು ಎದ್ದು ಕಂಡಿತು. ಮನೆಯಿಂದ ಕೆಲಸ ಯಾರಿಗೆ ಅತಿ ಅಗತ್ಯವೋ ಅವರ ಮನೆಯೇ ಕೆಲಸಕ್ಕೆ ಅತಿ ಕಷ್ಟದ ಜಾಗ.

ಇನ್ನು 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಬ್ಲೂಮ್ ತಂಡದ್ದೇ, ಕಂಪನಿಯೂ ಅದೇ, ಹೆಸರು ಮಾತ್ರ ಟ್ರಿಪ್ ಡಾಟ್ ಕಾಮ್ ಎಂದಾಗಿದೆ. ಈ ಸಲ 1,612 ಮಂದಿ, ಅವರಲ್ಲಿ ಎಂಜಿನಿಯರ್‌ಗಳು, ಮಾರ್ಕೆಟಿಂಗ್, ಹಣಕಾಸಿನವರು ಎಲ್ಲ ಇದ್ದರು. ವಾರಕ್ಕೆ ಎರಡು ದಿನ ಮನೆ, ಮೂರು ದಿನ ಆಫೀಸು. ಕೆಲಸದಲ್ಲಿ, ಬಡ್ತಿಯಲ್ಲಿ ಏನೂ ವ್ಯತ್ಯಾಸ ಬರಲಿಲ್ಲ. ಕೆಲಸ ಬಿಡುವವರು ಮೂರನೇ ಒಂದರಷ್ಟು ಕಡಿಮೆಯಾದರು. ಮೊದಲು ಅನುಮಾನ ಪಡುತ್ತಿದ್ದ ಮ್ಯಾನೇಜರ್‌ಗಳು ಕೊನೆಗೆ ಒಪ್ಪಿಕೊಂಡರು.

ಇಷ್ಟನ್ನು ನೋಡಿ ಎಲ್ಲರೂ ಹೀಗೆ ಕೆಲವು ದಿನ ಮನೆ, ಕೆಲವು ದಿನ ಆಫೀಸು ಇರುವ ಹೈಬ್ರಿಡ್ಡೇ ಸರಿ ಅನ್ನುತ್ತಾರೆ. ಸರಿಯೇ, ಆಫೀಸಿನ ಊರಿನಲ್ಲೇ ಮನೆ ಇದ್ದವರಿಗೆ. ನಮ್ಮ ಕಡೆ ಬಂದು ನಿಂತಾಗ ಆ ಸೂತ್ರ ಮುಗ್ಗರಿಸುತ್ತದೆ. ವಾರಕ್ಕೆ ಮೂರು ದಿನ ಅಂದರೆ ಮೈಸೂರಿನವರು ಎರಡು ಊರಿನಲ್ಲಿ ಸಂಸಾರ ಇಟ್ಟ ಹಾಗೆ.

ಅದೇ ಹತ್ತು ದಿನವನ್ನು ಒಟ್ಟಿಗೆ ಕೊಟ್ಟರೆ? ತಿಂಗಳ ಮೊದಲ ಎರಡು ವಾರ ಆಫೀಸು, ಉಳಿದೆರಡು ವಾರ ಊರು. ಹಾಜರಿ ಅಷ್ಟೇ, ಪ್ರಯಾಣ ಎರಡೇ ಸಲ. ತಂಡದವರೆಲ್ಲ ಅದೇ ದಿನಗಳಲ್ಲಿ ಬಂದರೆ ಎದುರುಬದುರು ಕೂತು ಮಾಡುವ ಕೆಲಸವೂ ನಡೆಯುತ್ತದೆ. ಈಗ ಹಲವು ಕಡೆ ಏನಾಗುತ್ತಿದೆ? ಮಂಡ್ಯದಿಂದ ಐದಕ್ಕೆ ಎದ್ದು ಬಂದವರು ಆಫೀಸಿನಲ್ಲಿ ಹೆಡ್‌ಫೋನ್ ಹಾಕಿಕೊಂಡು, ಆ ದಿನ ಬಾರದ ಸಹೋದ್ಯೋಗಿಯ ಜೊತೆ ವಿಡಿಯೊ ಕಾಲ್‌ನಲ್ಲಿ ಮಾತಾಡುತ್ತಿರುತ್ತಾರೆ. ಇದನ್ನು ಮನೆಯಿಂದಲೇ ಮಾಡಬಹುದಿತ್ತಲ್ಲ ಅನ್ನೋ ಪ್ರಶ್ನೆಗೆ ಉತ್ತರ ಇಲ್ಲ. ದೂರದ ದಣಿವಿಗಿಂತ ಈ ವ್ಯರ್ಥ ಓಡಾಟ ಜನರನ್ನು ಜಾಸ್ತಿ ಕೆರಳಿಸುತ್ತದೆ.

ಮನೆಯವರ ನಿರೀಕ್ಷೆಗಳು

ನೌಕರರ ನಿರೀಕ್ಷೆಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅವರ ಮನೆಯವರ ನಿರೀಕ್ಷೆಗಳ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಮನೆಯಿಂದ ಕೆಲಸದ ಸುಖ-ದುಃಖ ಅರ್ಧ ನಿರ್ಧಾರವಾಗೋದು ಅಲ್ಲೇ.

ಮಂಡ್ಯದ ಕಡೆಯ ಮನೆಯಲ್ಲಿ ಮಗ ಕ್ಲೈಂಟ್ ಕಾಲ್‌ನಲ್ಲಿ ಇದ್ದಾಗಲೇ ಹೊರಗಿಂದ ಅಪ್ಪನ ದನಿ ಕೇಳಬಹುದು: "ಮನೇಲೇ ಕುಂತಿದ್ದೀಯಲ್ಲ ಮಗ, ನಾಲೇಲಿ ನೀರು ಬಿಟ್ಟವ್ರೆ, ಒಂದ್ ಗಳಿಗೆ ಗದ್ದೆ ತಾವ ಹೋಗ್ಬುಟ್ ಬಾ." ಅಪ್ಪನದು ತಪ್ಪಲ್ಲ. ಗದ್ದೆಗೆ ನೀರು ಕಟ್ಟೋದು ಕಣ್ಣಿಗೆ ಕಾಣುವ ಕೆಲಸ, ಸ್ಕ್ರೀನ್ ನೋಡಿಕೊಂಡು ತನಗೆ ತಾನೇ ಮಾತಾಡೋದು ಕೆಲಸದ ಥರ ಕಾಣುವುದಿಲ್ಲ. ಹುಡುಗನಿಗೆ ಹೆಣ್ಣು ನೋಡಲು ಹೋದಾಗಲೂ ಇದೇ ಕತೆ. ಮನೆಯಲ್ಲೇ ಕೂತು ಕೆಲಸ ಮಾಡ್ತಾನಂತೆ ಎಂದರೆ ಹೆಣ್ಣಿನ ಕಡೆಯವರಿಗೆ ಆ ಕೆಲಸದ ಮೇಲೆ ಒಂದು ಗುಮಾನಿ.

ಹೆಂಗಸರ ಪಾಡು ಇದಕ್ಕಿಂತ ಬಿಗಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕಳೆಯುತ್ತಾರೆ, ಅಂಥ ಕೆಲಸ ಮಾಡುವ ಗಂಡಸರು 88 ನಿಮಿಷ. ಸೊಸೆ ಆಫೀಸಿಗೆ ಹೋಗುತ್ತಿದ್ದಾಗ ಬೆಳಗಿನ ತಿಂಡಿ ಅತ್ತೆ ಮಾಡುತ್ತಿದ್ದರು, ಸಂಜೆ ಯಾರೋ ಒಬ್ಬರು ಕುಕ್ಕರ್ ಇಡುತ್ತಿದ್ದರು. ಸೊಸೆ ಮನೆಯಲ್ಲೇ ಕೂತ ಮೇಲೆ ಇವೆಲ್ಲ ಮೆಲ್ಲಗೆ ಅವಳ ಕಡೆಗೇ ಬಂದವು. ಹತ್ತೂವರೆಗೆ ತಂಡದವರೆಲ್ಲ ಸೇರುವ ಸ್ಟ್ಯಾಂಡಪ್ ಕಾಲ್‌ಗೂ ಮಗುವಿನ ಸ್ಕೂಲ್ ವ್ಯಾನಿಗೂ ನಡುವೆ ಹಾಲು, ಗ್ಯಾಸ್, ಕೊರಿಯರ್. ಅವಳನ್ನು ಕೇಳಿದರೆ ತೃಪ್ತಿ ಇದೆ ಅನ್ನುತ್ತಾಳೆ. ನಿಜವೇ, ಏಕೆಂದರೆ ಅವಳು ಹೋಲಿಸುತ್ತಿರುವುದು ಕೆಲಸ ಬಿಟ್ಟುಬಿಡುವುದರ ಜೊತೆ. ಸಮೀಕ್ಷೆಯ ಫಾರಂನಲ್ಲಿ ಗಂಡಸರ ಹೌದು ಮತ್ತು ಹೆಂಗಸರ ಹೌದು ಒಂದೇ ಕಾಲಂನಲ್ಲಿ ಬೀಳುತ್ತವೆ, ಅಷ್ಟೇ.

2017ರಲ್ಲಿ ತಿದ್ದಿದ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ 26 ವಾರದ ರಜೆಯ ಬಗ್ಗೆ ಎಲ್ಲರಿಗೂ ಗೊತ್ತು. ರಜೆ ಮುಗಿದ ಮೇಲೆ ಕೆಲಸದ ಸ್ವರೂಪಕ್ಕೆ ಹೊಂದುವುದಾದರೆ ಕಂಪನಿ, ತಾಯಿ ಇಬ್ಬರೂ ಒಪ್ಪಿ ಮನೆಯಿಂದ ಕೆಲಸ ಮಾಡಬಹುದು ಎಂಬ ಸಾಲೂ ಅದರಲ್ಲಿತ್ತು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ ಇರಬೇಕು ಎಂದೂ ಇತ್ತು. 2025ರ ನವೆಂಬರ್‌ನಿಂದ ಇವೇ ಅಂಶಗಳು ಸಾಮಾಜಿಕ ಭದ್ರತಾ ಸಂಹಿತೆಯಲ್ಲಿವೆ. ಆ ಕೇಂದ್ರ ಬೆಂಗಳೂರಿನ ಆಫೀಸಿನಲ್ಲಿದ್ದರೆ ಮೈಸೂರಿನಲ್ಲಿ ಕೂತ ತಾಯಿಗೆ ಅದರಿಂದ ಏನೂ ಸಿಗುವುದಿಲ್ಲ.

ಹಸಿರು ಚುಕ್ಕೆಯ ಕಾವಲು

ಮೈಕ್ರೊಸಾಫ್ಟ್ 2022ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇ 87 ನೌಕರರು ತಾವು ಚೆನ್ನಾಗಿ ಕೆಲಸ ಮಾಡುತ್ತಿದ್ದೇವೆ ಎಂದರು. ಹೈಬ್ರಿಡ್ ಬಂದ ಮೇಲೆ ಜನ ನಿಜವಾಗಿ ಕೆಲಸ ಮಾಡುತ್ತಿದ್ದಾರೆಂದು ನಂಬುವುದು ಕಷ್ಟವಾಗಿದೆ ಎಂದವರು ಮೇಲಧಿಕಾರಿಗಳಲ್ಲಿ ಶೇ 85. ಒಂದೇ ಸಂಸಾರದ ಬಗ್ಗೆ ಗಂಡ-ಹೆಂಡತಿ ಕೊಟ್ಟ ಎರಡು ಹೇಳಿಕೆಯ ಹಾಗಿದೆ. ಅದೇ ವರ್ಷ ವಿಪ್ರೋ, ಎದುರಾಳಿ ಕಂಪನಿಗಳಿಗೂ ಗುಟ್ಟಾಗಿ ಕೆಲಸ ಮಾಡುತ್ತಿದ್ದರು ಎಂದು 300 ಮಂದಿಯನ್ನು ತೆಗೆದುಹಾಕಿತು. ಅನುಮಾನಕ್ಕೆ ಕಾರಣವೇ ಇರಲಿಲ್ಲ ಎಂದು ಹೇಳಲಾಗದು. ಆದರೆ ಅದರ ಬೆಲೆ ತೆರುತ್ತಿರುವವರು ಊಟಕ್ಕೆ ಎದ್ದಾಗಲೂ ಚಾಟ್‌ನಲ್ಲಿ ಹೆಸರಿನ ಪಕ್ಕದ ಹಸಿರು ಚುಕ್ಕೆ ಹಳದಿಯಾಗದಂತೆ ಮೌಸ್ ಅಲುಗಾಡಿಸಿ ಬರುವ ಸಾಮಾನ್ಯ ನೌಕರರು. ಕೆಲಸ ಮುಗಿಸಿದ್ದೇನೆ ಅನ್ನೋದಕ್ಕಿಂತ ಕೂತಿದ್ದೇನೆ ಅನ್ನೋದನ್ನು ತೋರಿಸಬೇಕಾದಾಗ ಮನೆ ಆಫೀಸಿಗಿಂತ ಬಿಗಿಯಾಗುತ್ತದೆ.

ಗ್ಯಾಲಪ್ ಸಂಸ್ಥೆಯ 2025ರ ಜಾಗತಿಕ ಅಂಕಿಗಳು ಇಲ್ಲಿ ಹೊಂದುತ್ತವೆ. ಪೂರ್ತಿ ಮನೆಯಿಂದ ಕೆಲಸ ಮಾಡುವವರಲ್ಲಿ ಕೆಲಸದ ಮೇಲೆ ಮನಸ್ಸಿಟ್ಟವರು ಶೇ 31, ಹೈಬ್ರಿಡ್‌ನವರಲ್ಲಿ ಶೇ 23. ಬದುಕು ಚೆನ್ನಾಗಿ ಸಾಗುತ್ತಿದೆಯಾ ಎಂಬ ಪ್ರಶ್ನೆಗೆ ಮಾತ್ರ ಲೆಕ್ಕ ತಿರುಗುತ್ತದೆ. ಹೈಬ್ರಿಡ್‌ನವರಲ್ಲಿ ಶೇ 42 ಹೌದು ಅನ್ನುತ್ತಾರೆ, ಪೂರ್ತಿ ಮನೆಯಲ್ಲಿರುವವರಲ್ಲಿ ಶೇ 36. ಕೆಲಸದ ತೃಪ್ತಿಯನ್ನೂ ಬದುಕಿನ ತೃಪ್ತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಮೈಸೂರಿನಲ್ಲೇ ಆಫೀಸು ಇದ್ದರೆ?

ಹೊಸದಾಗಿ ಸೇರುವವರಿಗೆ ಮನೆ ಅಷ್ಟು ಒಳ್ಳೆಯದಲ್ಲ ಅನ್ನೋದನ್ನು ನಾನು ಒಪ್ಪುತ್ತೇನೆ. ಪಕ್ಕದ ಕುರ್ಚಿಯವರನ್ನು ಕೇಳಿ ಐದು ನಿಮಿಷದಲ್ಲಿ ತಿಳಿಯುವುದನ್ನು ಮೆಸೇಜ್ ಹಾಕಿ ಕೇಳಲು ಹೊಸಬರು ಹಿಂಜರಿಯುತ್ತಾರೆ. ಇದು ಮೈಸೂರಿಗೆ ಗೊತ್ತಿಲ್ಲದ ವಿಷಯವೇ? ದೇಶದ ಮೂಲೆಮೂಲೆಯ ಎಂಜಿನಿಯರ್‌ಗಳು ಕಾಲೇಜು ಮುಗಿಸಿ ನೇರ ಇಲ್ಲಿನ ಹೆಬ್ಬಾಳದ ಇನ್ಫೋಸಿಸ್ ಕ್ಯಾಂಪಸ್ಸಿಗೆ ಬಂದು, ಅಲ್ಲೇ ಉಂಡು ಮಲಗಿ, ತಿಂಗಳುಗಟ್ಟಲೆ ಜೊತೆಯಲ್ಲಿ ಕಲಿತು ಹೋಗುತ್ತಾರೆ. ಒಂದೇ ಕಡೆ ಸಾವಿರಾರು ಜನರನ್ನು ಸೇರಿಸಿ ಕಲಿಸುವುದರಲ್ಲಿ ಈ ಊರಿಗೆ ಇರುವ ಅನುಭವ ಕಡಿಮೆಯದಲ್ಲ. ಕಲಿತವರು ಆಮೇಲೆ ಬೇರೆ ಊರಿಗೆ ಹೋಗುತ್ತಾರೆ ಅನ್ನೋದು ಬೇರೆ ಮಾತು.

ಅಲ್ಲೇ ಇದೆ ಮೂರನೇ ದಾರಿ. ಮನೆಯೂ ಅಲ್ಲ, ಬೆಂಗಳೂರೂ ಅಲ್ಲ, ಮೈಸೂರಿನಲ್ಲೇ ಕೂರಲು ಒಂದು ಜಾಗ. ಹೆಬ್ಬಾಳ, ಹೂಟಗಳ್ಳಿ ಕೈಗಾರಿಕಾ ಪ್ರದೇಶಗಳು ರಿಂಗ್ ರಸ್ತೆಯ ಹತ್ತಿರದಲ್ಲೇ ಇವೆ. ಇನ್ಫೋಸಿಸ್, ಎಲ್ ಅಂಡ್ ಟಿ ಟೆಕ್ನಾಲಜಿ ಸರ್ವಿಸಸ್ ಇಲ್ಲಿ ಇವೆ, ಎಕ್ಸೆಲ್‌ಸಾಫ್ಟ್ ಇಲ್ಲೇ ಹುಟ್ಟಿದ ಕಂಪನಿ. ಕರ್ನಾಟಕ ಡಿಜಿಟಲ್ ಎಕಾನಮಿ ಮಿಷನ್ ಬೆಂಗಳೂರಿನ ಆಚೆಗೆ ಐಟಿ ಬೆಳೆಸಲು ಆರಿಸಿದ ಊರುಗಳಲ್ಲಿ ಮೈಸೂರು ಒಂದು. ರಾಜ್ಯದ 2024-29ರ ಜಿಸಿಸಿ (ಗ್ಲೋಬಲ್ ಕೇಪಬಿಲಿಟಿ ಸೆಂಟರ್) ನೀತಿಯೂ ವಿದೇಶಿ ಕಂಪನಿಗಳ ಕೇಂದ್ರಗಳನ್ನು ಬೆಂಗಳೂರಿನ ಆಚೆಗೆ ಕಳಿಸುವ ಮಾತಾಡುತ್ತದೆ. ಬೆಂಗಳೂರಿನ ಕಂಪನಿಯೊಂದು ತನ್ನ ಮೈಸೂರಿನ 30-40 ನೌಕರರಿಗೆ ಇಲ್ಲೇ ಬಾಡಿಗೆಗೆ ಸಿಗುವ ಹಂಚಿಕೆಯ ಆಫೀಸಿನಲ್ಲಿ (ಕೋವರ್ಕಿಂಗ್) ಒಂದು ಮಹಡಿ ಹಿಡಿದರೆ ಹಾಜರಿ, ಕಲಿಕೆ, ಒಂಟಿತನ ಮೂರಕ್ಕೂ ಒಂದಿಷ್ಟು ಪರಿಹಾರ ಸಿಗುತ್ತದೆ. ಚೆನ್ನೈ ಪ್ರಯೋಗದಲ್ಲಿ ಕಂಡ ಮನೆಯ ಅಡ್ಡಿಗಳೂ ತಪ್ಪುತ್ತವೆ. ಮಂಡ್ಯದವರಿಗೆ ಅಲ್ಲಿಂದ ಮೈಸೂರು ಒಂದು ಗಂಟೆಯ ದಾರಿ. ತಂಡದ ಉಳಿದವರು ಬೆಂಗಳೂರಿನಲ್ಲೇ ಇರುತ್ತಾರೆ, ನಿಜ. ಆದರೆ ಆ ತಂಡದ ಅರ್ಧ ಈಗಲೇ ಹೈದರಾಬಾದಿನಲ್ಲೋ ಅಮೆರಿಕದಲ್ಲೋ ಇರುತ್ತದಲ್ಲ.

ಬರೆದುಕೊಟ್ಟರೆ ಮಾತ್ರ

ಕಾನೂನಿನಿಂದ ದೊಡ್ಡ ನಿರೀಕ್ಷೆ ಬೇಡ. ಕೆಲಸದ ಹೊತ್ತು ಮುಗಿದ ಮೇಲೆ ಫೋನ್ ಎತ್ತದಿರುವ ಹಕ್ಕು ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ ಇದೆ. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ, ಮತ್ತೆ 2025ರಲ್ಲಿ ಖಾಸಗಿ ಮಸೂದೆ ಮಂಡಿಸಿದರು. ಖಾಸಗಿ ಮಸೂದೆಗಳು ಕಾಯ್ದೆಯಾಗುವುದು ಬಹಳ ಅಪರೂಪ. ಕರ್ನಾಟಕ ಸರ್ಕಾರ 2014ರಿಂದಲೂ ಐಟಿ ಕಂಪನಿಗಳಿಗೆ, ಕೆಲಸದ ಷರತ್ತುಗಳನ್ನು ಬರೆದಿಡಬೇಕು ಎನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ ಕೊಡುತ್ತಾ ಬಂತು, 2024ರಲ್ಲಿ ಮತ್ತೆ ಐದು ವರ್ಷಕ್ಕೆ ಬೆಳೆಸಿತು. ಅದೇ ವರ್ಷ ಐಟಿಯಲ್ಲಿ ದಿನಕ್ಕೆ 14 ಗಂಟೆವರೆಗೆ ದುಡಿಸಲು ಅವಕಾಶ ಕೊಡುವ ಪ್ರಸ್ತಾವ ಬಂದಾಗ ಐಟಿ ನೌಕರರ ಸಂಘ ಕಿಟು ಬೀದಿಗಿಳಿಯಿತು.

ಹಾಗಾಗಿ ಉಳಿಯುವುದು ನೇಮಕಾತಿ ಪತ್ರ. ಹೊಸ ಕೆಲಸಕ್ಕೆ ಸಹಿ ಹಾಕುವ ಮೈಸೂರು, ಮಂಡ್ಯದವರು ಸಂಬಳದ ಅಂಕಿ ನೋಡಿದ ಮೇಲೆ ಬೇಸ್ ಲೊಕೇಶನ್ (ಕೆಲಸದ ಊರು) ಎಂಬ ಸಾಲಿನ ಮುಂದೆ ಏನಿದೆ ನೋಡಬೇಕು. ಸಂದರ್ಶನದಲ್ಲಿ ರಿಮೋಟ್ ಎಂದು ಬಾಯಲ್ಲಿ ಹೇಳಿ ಪತ್ರದಲ್ಲಿ ಬೆಂಗಳೂರು ಎಂದು ಬರೆದಿರುವುದು ಹೊಸದೇನಲ್ಲ. ಅದರ ಕೆಳಗೆ ಎಲ್ಲಿಗೆ ಬೇಕಾದರೂ ವರ್ಗ ಮಾಡಬಹುದು ಎಂಬ ಸಾಲೂ ಇರುತ್ತದೆ. ಮೂರು ವಿಷಯವನ್ನು ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ನಿಯಮ ಬದಲಾದರೆ ಎಷ್ಟು ತಿಂಗಳು ಮುಂಚೆ ಹೇಳುತ್ತೀರಿ? ಆಫೀಸಿನ ದಿನಗಳನ್ನು ಒಟ್ಟಿಗೆ ಮುಗಿಸಬಹುದಾ? ಹಾಜರಿ ಕಡಿಮೆಯಾದರೆ ವೇರಿಯಬಲ್ ಪೇ ಕಡಿತ ಆಗುತ್ತಾ? ಒಂದು ಶಾಲಾ ವರ್ಷದಷ್ಟಾದರೂ ಮುನ್ಸೂಚನೆ ಕೊಡುವ ಕಂಪನಿ ಸಿಕ್ಕರೆ ಸಂಬಳ ಸ್ವಲ್ಪ ಕಡಿಮೆಯಾದರೂ ಯೋಚಿಸಬಹುದು. ಅದೆಲ್ಲ ಪಾಲಿಸಿ ಪ್ರಕಾರ ಎಂದಷ್ಟೇ ಎಚ್‌ಆರ್ ಉತ್ತರ ಬರೆದರೆ, ಬೆಂಗಳೂರಿನ ಪಿಜಿ ಬಾಡಿಗೆಯನ್ನೂ ರೈಲಿನ ಪಾಸನ್ನೂ ಕಳೆದೇ ಸಂಬಳದ ಲೆಕ್ಕ ಹಾಕಿಕೊಳ್ಳಿ.